ಮಾಳಿಗೆಯಿಲ್ಲದ ಮನೆಯ ಕುಸ್ಕುಸ್

ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ವಸೀಲಾಗೆ ತಿಳಿದುಹೋಯಿತು: ಈ ಮನೆಯಲ್ಲಿ ಎಲ್ಲ ಇದೆ, ಮಾಳಿಗೆಯೊಂದಿಲ್ಲ. ನಲ್ಲಿ ತಿರುಗಿಸಿದರೆ ನೀರು. ಕಿಟಕಿಗೆ ಗಾಜು. ಅಡುಗೆಮನೆಯ ಹೊಗೆ ಹೋಗಲು ಕೊಳವೆ. ಊರಿನವರು ‘ಇಂಗ್ಲಿಷರ ತೋಟ’ ಎಂದು ಕರೆಯುವ, ಯುದ್ಧದಲ್ಲಿ ಸತ್ತ ಪರದೇಶದ ಸೈನಿಕರ ಗೋರಿಗಳ ಆವರಣದ ಮೂಲೆಯಲ್ಲಿ, ತೋಟಗಾರನಿಗೆಂದು ಕಚೇರಿಯವರೇ ಕಟ್ಟಿಸಿಕೊಟ್ಟ ಮನೆ ಅದು. ಕಟ್ಟಿಸಿದವನು ಮಳೆ ಸುರಿಯುವ ದೇಶದವನಿರಬೇಕು, ಎರಡೂ ಕಡೆಗೆ ಇಳಿಜಾರಾಗಿ ಕೆಂಪು ಹೆಂಚು ಹೊದಿಸಿಬಿಟ್ಟಿದ್ದ. ತೂನಿಸ್ ಸೀಮೆಯ ಮೆಜೆರ್ದಾ ಹೊಳೆಯ ಬಯಲಿನಲ್ಲಿ ಹೆಂಗಸಿನ ಅರ್ಧ ಬದುಕು ನಡೆಯುವುದು ಮಾಳಿಗೆಯ ಮೇಲೆ ಎಂದು ಅವನಿಗೆ ಯಾರು ಹೇಳಬೇಕು? ತೊಳೆದ ಉಣ್ಣೆ ಹರವುವುದು ಅಲ್ಲಿ, ಮೆಣಸಿನಕಾಯಿ ಸೀಳಿ ಒಣಗಿಸುವುದು ಅಲ್ಲಿ, ಪಕ್ಕದ ಮನೆಯ ಸೊಸೆಯೊಡನೆ ಗೋಳು ತೋಡಿಕೊಳ್ಳುವುದು ಅಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷದ ಕುಸ್ಕುಸ್ ಒಣಗುವುದು ಅಲ್ಲಿ.

ಗೋಧಿ ಕೊಯ್ಲು ಮುಗಿದು ರವೆ ಬೀಸಿ ಬಂದ ಮೇಲೆ ಊರಿನ ಹೆಂಗಸರು ಒಬ್ಬರ ಮನೆಗೊಬ್ಬರು ಸರದಿಯಂತೆ ಹೋಗಿ ಕೂರುತ್ತಾರೆ. ರವೆಗೆ ಉಪ್ಪುನೀರು ಚಿಮುಕಿಸಿ, ಹಿಟ್ಟು ಉದುರಿಸಿ, ಅಂಗೈಯಲ್ಲಿ ಸುತ್ತಿಸಿ ಸುತ್ತಿಸಿ ಸಾಸಿವೆಯಷ್ಟು ಸಣ್ಣ ಕಾಳು ಮಾಡುತ್ತಾರೆ. ಜರಡಿ ಹಿಡಿದು, ಹಬೆಯಲ್ಲಿ ಬೇಯಿಸಿ, ಬಿಳಿ ಬಟ್ಟೆಯ ಮೇಲೆ ಹರವಿ ಗಲಗಲ ಎನ್ನುವವರೆಗೆ ಒಣಗಿಸಬೇಕು. ಒಣಗುವಾಗ ಗಾಳಿ ಧೂಳು ತರಬಾರದು, ಕೋಳಿ ಕಾಲಿಡಬಾರದು, ನೆರಳು ಬೀಳಬಾರದು. ನೆರಳು ಬಿದ್ದ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕುಸ್ಕುಸ್ಸಿನ ಮನೆಯವಳಿಗೆ ಚಳಿಗಾಲವಿಡೀ ಮಾತು ತಪ್ಪಿದ್ದಲ್ಲ.

ವಸೀಲಾಳ ಹಿತ್ತಿಲಿನಲ್ಲಿ ಸೈಪ್ರೆಸ್ ಮರಗಳ ನೆರಳು ಹೊತ್ತು ಮುಳುಗುವವರೆಗೂ ಬಿಡುತ್ತಿರಲಿಲ್ಲ. ಮೊದಲ ವರ್ಷ ಅವಳ ಕಾಳೆಲ್ಲ ಹಸಿರಾಯಿತು. ಎರಡನೆಯ ಬೇಸಿಗೆಯಲ್ಲಿ ಅವಳ ಕಣ್ಣು ತೋಟದ ಆ ತುದಿಯ ದೊಡ್ಡ ಕಲ್ಲಿನ ಮೇಲೆ ಬಿತ್ತು.

ಸಾಲುಸಾಲು ಗೋರಿಗಳು ಮುಗಿಯುವಲ್ಲಿ, ಮೆಟ್ಟಿಲುಗಳ ಮೇಲೆ, ಎರಡು ಮಂಚ ಜೋಡಿಸಿಟ್ಟಷ್ಟು ಉದ್ದದ ಬಿಳಿಯ ಕಲ್ಲು. ಮೇಲ್ಮೈ ಸಪಾಟು, ನಯ. ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಮಗ್ಗುಲಿಗೆ ಏನೋ ಕೆತ್ತಿದ್ದಾರೆ, ಅದನ್ನು ಓದಲು ಅವಳಿಗೆ ಬರುತ್ತಿರಲಿಲ್ಲ, ಅವಳ ಗಂಡ ಸಾದೊಕ್‌ನಿಗೂ ಬರುತ್ತಿರಲಿಲ್ಲ. ಅದು ಮೇಜು ಎಂದು ಅವಳು ತಿಳಿದಿದ್ದಳು, ಮೇಜಿನ ಹಾಗೆಯೇ ಇತ್ತಲ್ಲ. ಅವಳ ಅಜ್ಜಿಯ ಒಬ್ಬ ಮಗ ಫ್ರೆಂಚರ ಸೇನೆ ಸೇರಿ ಸಮುದ್ರದಾಚೆ ಸತ್ತಿದ್ದ, ಗೋರಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಪ್ರತಿ ಶುಕ್ರವಾರ ಯಾರದೋ ಗೋರಿಯ ಬಳಿ ಕೂತು ರೊಟ್ಟಿ, ಅಂಜೂರ ಹಂಚುತ್ತಿದ್ದಳು. ‘ಇಲ್ಲಿ ತಿಂದವರ ಹೊಟ್ಟೆ ತುಂಬಿದರೆ ಅಲ್ಲಿ ಅವನದೂ ತುಂಬುತ್ತದೆ’ ಎನ್ನುತ್ತಿದ್ದಳು. ಹಾಗೆಯೇ ಈ ಪರದೇಶದ ಹುಡುಗರ ತಾಯಂದಿರು ಬಂದು ಬಡಿಸಲೆಂದು ಮೇಜು ಮಾಡಿಟ್ಟಿದ್ದಾರೆ, ಪಾಪ, ದೂರವಾದ್ದರಿಂದ ಬರಲಾಗಿಲ್ಲ ಎಂದು ವಸೀಲಾಳ ಲೆಕ್ಕ. ಖಾಲಿ ಬಿದ್ದ ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹರವಿದರೆ ಯಾರ ಗಂಟು ಹೋಗುತ್ತದೆ?

ಸಾದೊಕ್ ಮೊದಲ ದಿನ ನೋಡಿ, ‘‘ಇದೇನೇ ಇದು?’’ ಎಂದಿದ್ದ. ಆ ಚಳಿಗಾಲ ಬೂಷ್ಟಿಲ್ಲದ ಕುಸ್ಕುಸ್ ಉಂಡ ಮೇಲೆ ಕೇಳುವುದನ್ನು ಬಿಟ್ಟ. ಯಾರಾದರೂ ನೋಡಲು ಬರುವುದಿದ್ದರೆ ತೂನಿಸ್‌ನ ಕಚೇರಿಯಿಂದ ಊರಿನ ಅಂಚೆ ಮನೆಗೆ ಫೋನ್ ಬರುತ್ತಿತ್ತು. ಆಗ ಸಾದೊಕ್‌ನೇ ‘‘ಬಟ್ಟೆ ಎತ್ತಿ, ಬಟ್ಟೆ ಎತ್ತಿ, ಜನ ಬರ್ತಿದಾರೆ!’’ ಎಂದು ಕೂಗುತ್ತ ಓಡಿಬಂದು ಒಂದು ತುದಿ ಹಿಡಿಯುತ್ತಿದ್ದ.

ತೋಟಕ್ಕೆ ಅವನದು ದೊಡ್ಡ ಹೆಸರು. ಬಂದವರೆಲ್ಲ ಅವನ ಕೈಕುಲುಕಿ ಹೋಗುವರು. ಗೋರಿಕಲ್ಲುಗಳ ಪಾಚಿಯನ್ನು ಮೆದು ಕುಂಚದಿಂದ ಉಜ್ಜಿ ತೆಗೆಯುತ್ತಿದ್ದವರು, ಗುಲಾಬಿ ಬುಡದ ಕಳೆ ಕೀಳುತ್ತಿದ್ದವರು, ಅವನ ನೀಲಿ ಅಂಗಿಯ ಮಣ್ಣು ಒಗೆಯುತ್ತಿದ್ದವರು ಇಬ್ಬರು ಹೆಂಗಸರು. ಆದರೆ ಸಂಬಳದ ಕೆಲಸ ಒಂದೇ ಇದ್ದದ್ದರಿಂದ ಕೈಕುಲುಕುವುದಕ್ಕೂ ಒಂದೇ ಕೈ ಸಾಕಾಗುತ್ತಿತ್ತು.

ಎರಡನೆಯ ಹೆಂಗಸು ತುರ್ಕಿಯಾ, ಸಾದೊಕ್‌ನ ತಂಗಿ. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡು, ಬಟ್ಟೆಗಂಟು ಹೊತ್ತು ಅಣ್ಣನ ಮನೆಗೆ ಬಂದವಳು. ಎರಡನೆಯ ಹೆರಿಗೆಯಲ್ಲಿ ವಸೀಲಾ ಜ್ವರ ಬಂದು ಮಲಗಿಬಿಟ್ಟಾಗ, ಎಳೆಗೂಸನ್ನೂ ಬಾಣಂತಿಯನ್ನೂ ಒಟ್ಟಿಗೆ ಸಾಕಿದವಳು ಅವಳು. ವಸೀಲಾಳ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗುವಾಗ ಅತ್ತದ್ದು ತಾಯಿಯ ಹೆಗಲ ಮೇಲಲ್ಲ, ಈ ಸೋದರತ್ತೆಯ ಹೆಗಲ ಮೇಲೆ. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ. ಬಂದ ವರ್ಷವೇ ದೊಡ್ಡ ಕಲ್ಲಿನ ಮೇಲಿನ ಬಟ್ಟೆ ನೋಡಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

‘‘ಅತ್ತಿಗೆ, ನಿಂಗೆ ತಲೆಗಿಲೆ ಕೆಟ್ಟಿದೆಯಾ? ಸತ್ತೋರ ಮುಂದೆ ಊಟದ ಸಾಮಾನು ಹರವ್ತೀಯಲ್ಲ!’’

‘‘ಸತ್ತೋರ ಮುಂದೆ ತಾನೆ ಊಟ ಇಡೋದು? ನೀನು ಶುಕ್ರವಾರ ಗಂಡನ ಗೋರಿ ಹತ್ರ ಅಂಜೂರ ಕೊಡಲ್ವಾ?’’

‘‘ಅದು ಕೊಡೋದು. ಇದು ಒಣಗಿಸೋದು. ಅವರು ನೋಡ್ತಾ ಮಲಗಿರ್ಬೇಕು, ನಾವು ಗಂಟು ಕಟ್ಕೊಂಡು ಹೋಗ್ಬೇಕು. ಎಷ್ಟು ವರ್ಷದ ಹಸಿವೋ ಏನೋ, ಪಾಪ. ನೋಡ್ತಿರು, ಒಂದಿನ ಎದ್ದು ಬಂದು ಕೇಳ್ತಾರೆ.’’

‘‘ಬಂದ್ರೆ ಬಡಿಸ್ತೀನಿ ಬಿಡು. ನೀನು ಗುಬ್ಬಿ ಓಡ್ಸು.’’

ಹಾಗೆ ಬೇಡವೆಂದವಳೇ ಪ್ರತಿ ಬೇಸಿಗೆ ತಾಳೆಗರಿಯ ಬೀಸಣಿಗೆ ಹಿಡಿದು ಕಲ್ಲಿನ ಬಳಿ ಗುಬ್ಬಿ ಓಡಿಸುತ್ತ ಕೂರುತ್ತಿದ್ದಳು. ಅವಳ ಮಾತು ಆ ಮನೆಯಲ್ಲಿ ನಗುವುದಕ್ಕೆ ಮಾತ್ರ ಒದಗುತ್ತಿತ್ತು.

ಎಷ್ಟೋ ಬೇಸಿಗೆ ಹೀಗೆ ಕಳೆದ ಮೇಲೆ ಒಂದು ವರ್ಷ ಅಂಚೆ ಮನೆಯ ಫೋನ್ ಕೆಟ್ಟಿತ್ತು. ಕಾರು ಹೇಳದೆ ಕೇಳದೆ ಬಂದು ಗೇಟಿನ ಮುಂದೆ ನಿಂತಿತು. ಇಳಿದವರು ಎಲ್ಲರೂ ‘ಸೀ’, ‘ಸೀದಿ’ ಎಂದು ಮರ್ಯಾದೆ ಸೇರಿಸಿ ಕರೆಯುವ, ಕಚೇರಿಯ ಮೇಲ್ವಿಚಾರಕ ಸೀ ಮುಖ್ತಾರ್, ಜೊತೆಗೆ ಊರುಗೋಲು ಹಿಡಿದ ಒಬ್ಬ ಇಂಗ್ಲಿಷ್ ಮುದುಕಿ. ಅವಳ ತಮ್ಮ ಇಲ್ಲಿ ಮಲಗಿದ್ದನಂತೆ. ಜೀವಮಾನದಲ್ಲಿ ಒಂದು ಸಲ ನೋಡಬೇಕೆಂದು ಬಂದಿದ್ದಳಂತೆ. ಗೋರಿಗಳ ಸಾಲು ದಾಟಿ ಬಂದವರಿಗೆ ಎದುರಾದದ್ದು ದೊಡ್ಡ ಕಲ್ಲಿನ ಉದ್ದಕ್ಕೂ ಹಳದಿ ಕಾಳು, ಅಂಚಿಗೆ ಸೀಳಿಟ್ಟ ಕೆಂಪು ಮೆಣಸಿನಕಾಯಿ, ಮೆಟ್ಟಿಲ ಮೇಲೆ ಕಾಲು ನೀಡಿ ಬೀಸಣಿಗೆ ಆಡಿಸುತ್ತ ಕೂತ ತುರ್ಕಿಯಾ.

ಸೀ ಮುಖ್ತಾರ್‌ನ ಕೂಗು ಕೇಳಿ ಸಾದೊಕ್ ಗುಂಡಿ ಹಾಕಿಕೊಳ್ಳುತ್ತ ಓಡಿದ. ವಸೀಲಾ ಜರಡಿ ಹಿಡಿದುಕೊಂಡೇ, ಮೊಣಕೈವರೆಗೆ ಹಿಟ್ಟಿನ ಕೈಯಲ್ಲೇ ಓಡಿದಳು.

‘‘ಏನಯ್ಯಾ ಇದು? ಗೋರಿಗಳಾ, ಸಂತೆನಾ? ಸತ್ತೋರ ನೆನಪಿಗೆ ಹೂವಿಟ್ಟು ಸಲಾಂ ಹೊಡೆಯೋ ಕಲ್ಲಿನ ಮೇಲೆ ಹಿಟ್ಟು ಒಣಗ್ಸಿದೀರಲ್ಲ! ಯಾರದಿದು? ಯಾರ ಕೆಲಸ?’’

ಸಾದೊಕ್ ಹೆಂಡತಿಯ ಮುಖ ನೋಡಿದ. ಮುದುಕಿಯೂ ನೋಡಿದಳು, ಅವಳ ಕಣ್ಣುಗಳು ಕೆಂಪಾಗಿದ್ದವು. ಆ ಕ್ಷಣ ವಸೀಲಾಗೆ ಅದು ಮೇಜಲ್ಲ ಎಂದು ಗೊತ್ತಾಯಿತು. ಇಷ್ಟು ವರ್ಷ ತಾನು ಯಾವುದೋ ಪೂಜ್ಯ ವಸ್ತುವಿನ ಮೇಲೆ ಅಡುಗೆಮನೆ ಹರವಿದ್ದೆ ಎಂಬ ನಾಚಿಕೆ ಕಾಲಿನಿಂದ ತಲೆಗೆ ಏರಿತು. ಆ ನಾಚಿಕೆಯಿಂದ ತಪ್ಪಿಸಿಕೊಳ್ಳಲು ಬಾಯಿ ತಾನಾಗಿ ತೆರೆಯಿತು.

‘‘ನಮ್ಮ ನಾದಿನೀದು, ಸೀದಿ. ವಿಧವೆ. ಸ್ವಲ್ಪ... ಅಷ್ಟು ತಿಳಿಯಲ್ಲ ಅವಳಿಗೆ. ಹೇಳಿದ್ರೂ ಕೇಳಲ್ಲ.’’

ತುರ್ಕಿಯಾ ಬೀಸಣಿಗೆ ಕೆಳಗಿಟ್ಟಳು. ಅತ್ತಿಗೆಯ ಹಿಟ್ಟಿನ ಕೈ ನೋಡಿದಳು, ಜರಡಿ ನೋಡಿದಳು, ಅಣ್ಣನ ಕಡೆ ನೋಡಿದಳು. ಸಾದೊಕ್ ತನ್ನ ಗುಂಡಿ ನೋಡಿಕೊಂಡ. ಅವಳು ಬಟ್ಟೆಯ ನಾಲ್ಕು ಮೂಲೆ ಒಟ್ಟು ಮಾಡಿ, ಮೆಣಸಿನಕಾಯಿ ಸಮೇತ ಗಂಟು ಹೆಗಲಿಗೇರಿಸಿ, ಮನೆಯ ಹಿಂದಕ್ಕೆ ಹೋದಳು. ಚುರುಕು ನಾಲಿಗೆಯವಳು ಸುಮ್ಮನಾದದ್ದನ್ನು ವಸೀಲಾ ಮೊದಲ ಸಲ ಕಂಡದ್ದು ಆಗಲೇ.

ಆಮೇಲೆ ವಸೀಲಾ ಕಾಫಿ ಮಾಡಿ, ಒಳ್ಳೆಯ ತಟ್ಟೆಯಲ್ಲಿಟ್ಟು, ತಮ್ಮನ ಗೋರಿಯ ಬಳಿ ಕೂತಿದ್ದ ಮುದುಕಿಗೆ ಒಯ್ದು ಕೊಟ್ಟಳು. ಮುದುಕಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿದಳು. ಈ ಹೆಂಗಸು ಒಳ್ಳೆಯವಳು, ಗೋರಿ ಕಾಯುವವನ ಮರ್ಯಾದಸ್ಥ ಹೆಂಡತಿ ಎಂದು ತಿಳಿದಿರಬೇಕು. ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟು ಅವಳಿಗೆ ಕಾಣಲಿಲ್ಲ. ವಸೀಲಾ ಕೈ ಬಿಡಿಸಿಕೊಳ್ಳಲು ನೋಡಿದಳು, ಮುದುಕಿ ಇನ್ನೂ ಗಟ್ಟಿಯಾಗಿ ಹಿಡಿದಳು.

ಹೋಗುವಾಗ ಸೀ ಮುಖ್ತಾರ್ ಸಾದೊಕ್‌ನಿಗೆ ಹೇಳಿದ: ‘‘ಮೇಲಿನವರಿಗೆ ತಿಳಿಸಲ್ಲ, ಹೋಗು. ಆದ್ರೆ ಆ ಹೆಂಗಸು ಇನ್ನೊಂದ್ಸಲ ನನ್ನ ಕಣ್ಣಿಗೆ ಬೀಳಕೂಡದು.’’

ಆ ಸಂಜೆಯೇ ಸಾದೊಕ್ ತೀರ್ಮಾನಿಸಿದ. ತುರ್ಕಿಯಾ ಬಿಝೆರ್ತ್ ಪಟ್ಟಣದಲ್ಲಿರುವ ದೊಡ್ಡಣ್ಣನ ಮನೆಗೆ ಹೋಗಲಿ. ಅಲ್ಲಿಯ ದೊಡ್ಡ ಅತ್ತಿಗೆ ಉಣ್ಣೆ ಕಂಬಳಿ ಒಗೆದುಕೊಡುವ ವ್ಯಾಪಾರ ಮಾಡುತ್ತಿದ್ದಳು. ಬಡನೆಂಟರ ಪೈಕಿ ಕೈಗೆ ಸಿಕ್ಕವರನ್ನೆಲ್ಲ ತೊಟ್ಟಿಗೆ ಇಳಿಸುವವಳೆಂದು ಹೆಸರಾದವಳು.

‘‘ಸೀ ಸಾದೊಕ್, ಅದು ನಂದು ಅಂತ ನಿಮಗೆ ಗೊತ್ತಲ್ಲ,’’ ಎಂದಳು ವಸೀಲಾ, ಒಲೆಯ ಕಡೆ ತಿರುಗಿಕೊಂಡು.

‘‘ಗೊತ್ತು. ನೀನು ಹೇಳಿದ್ದೇ ಸರಿಯಾಯ್ತು. ಹೆಂಡತಿ ಅಂದಿದ್ರೆ ಮನೆ ಹೋಗ್ತಿತ್ತು. ತಂಗಿ ಅಂದಿದ್ದಕ್ಕೆ ತಂಗಿ ಹೋಗ್ತಾಳೆ.’’ ಅವನು ರೊಟ್ಟಿ ಮುರಿದ. ‘‘ಅವಳಿಗೇನು, ಎಲ್ಲಿದ್ರೂ ಕೆಲಸ ಮಾಡೋದೇ.’’

ತನ್ನ ಸುಳ್ಳನ್ನು ಗಂಡ ಮೆಚ್ಚಿಕೊಂಡನಲ್ಲ, ಅದು ಅವಳಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು. ಆದರೂ ತುರ್ಕಿಯಾ ಹೊರಡುವವರೆಗೆ ಅವಳು ಬಾಯಿ ಬಿಡಲಿಲ್ಲ. ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಬಸ್ಸು ಬಂದಿತ್ತು.

ಗಂಟು ಕಂಕುಳಿಗೆ ಸಿಕ್ಕಿಸಿಕೊಂಡು ತುರ್ಕಿಯಾ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: ‘‘ಉಂಡೆ ಕಟ್ಟಿದ್ದ ಕಾಳೆಲ್ಲ ಬಿಡಿಸಿಟ್ಟಿದೀನಿ. ಇನ್ನೊಂದ್ಸಲ ಹಬೆ ಕಾಣ್ಸು, ಉಳಿಯುತ್ತೆ. ಬಟ್ಟೆ ಒಗೆದಿದೀನಿ.’’

ಅತ್ತಿಗೆ ಎಂದು ಕರೆಯಲಿಲ್ಲ.

ಕಾಳು ಉಳಿಯಿತು. ಆ ಚಳಿಗಾಲದ ಪ್ರತಿ ಶುಕ್ರವಾರ ವಸೀಲಾ ಅದನ್ನೇ ಬೇಯಿಸಿದಳು, ಸಾದೊಕ್ ಬೆರಳು ನೆಕ್ಕಿದ. ಅವಳನ್ನು ಮಾತ್ರ ಪ್ರತಿ ತುತ್ತೂ ‘ಯಾರದಿದು’ ಎಂದು ಕೇಳುತ್ತಿತ್ತು. ಗೋರಿಕಲ್ಲಿನ ಪಾಚಿ ಉಜ್ಜುವಾಗ ಎದುರಿನ ಸಾಲಿನಲ್ಲಿ ಇನ್ನೊಂದು ಕುಂಚದ ಸದ್ದಿರಲಿಲ್ಲ. ದೂರದಿಂದ ಬಂದು ಸತ್ತ ಈ ಹುಡುಗರಿಗೆ ನಾವು ಎಷ್ಟು ಜಾಗ ಕೊಟ್ಟಿದ್ದೇವೆ, ಕಲ್ಲಿಗೊಂದು ಗುಲಾಬಿ ಕೊಟ್ಟಿದ್ದೇವೆ, ಬದುಕಿದ್ದ ಒಬ್ಬಳಿಗೆ ಮೂಲೆಯ ಹಾಸಿಗೆ ಉಳಿಸಿಕೊಡಲಾಗಲಿಲ್ಲ ಎಂದುಕೊಳ್ಳುವಳು. ಅಂದುಕೊಂಡದ್ದಕ್ಕೆ ನಾಚಿ, ಇನ್ನೂ ಜೋರಾಗಿ ಉಜ್ಜುವಳು.

ಕುಸ್ಕುಸ್ ಸುತ್ತುವ ಕಾಲ ಮತ್ತೆ ಬಂತು. ಲೆಲ್ಲಾ ಖದೂಜಾಳ ಅಂಗಳದಲ್ಲಿ ಹೆಂಗಸರೆಲ್ಲ ಸೇರಿದ್ದರು. ಖದೂಜಾ ಊರಿಗೇ ಹಿರಿಯಳು, ಅದಕ್ಕೇ ಎಲ್ಲರ ಬಾಯಲ್ಲೂ ಮರ್ಯಾದೆಯ ‘ಲೆಲ್ಲಾ’, ಹಲ್ಲಿಲ್ಲದಿದ್ದರೂ ಕಚ್ಚುವವಳು.

‘‘ವಸೀಲಾ, ಈ ಸಲ ನಿನ್ ಕಾಳು ಎಲ್ಲಿ ಒಣಗಿಸ್ತೀಯಮ್ಮಾ? ಇಂಗ್ಲಿಷರು ತಮ್ಮ ಮೇಜು ನಿಂಗೆ ಕೊಡಲ್ವಂತಲ್ಲ.’’

ಹೆಂಗಸರು ನಕ್ಕರು. ವಸೀಲಾ ತಲೆ ತಗ್ಗಿಸಿ ರವೆ ಸುತ್ತಿದಳು.

‘‘ತುರ್ಕಿಯಾನ ನೋಡ್ದೆ ನಾನು, ಬಿಝೆರ್ತ್‌ನಲ್ಲಿ. ಮೊಮ್ಮಗಳ ಮನೆಗೆ ಹೋಗಿದ್ನಲ್ಲ. ಬಟ್ಟೆ ಒಗೆಯೋ ಸೋಡಾ ನೀರಲ್ಲಿ ಕೈ ಬಿರುಕು ಬಿಟ್ಟು ರಕ್ತ ಬರ್ತಿತ್ತು. ‘ಏನೇ ತುರ್ಕಿಯಾ, ಮಾಡಿದ್ ತಪ್ಪಿಗೆ ಇಷ್ಟು ಶಿಕ್ಷೆನಾ’ ಅಂದೆ. ‘ಹೌದು ದೊಡ್ಡಮ್ಮ, ತಪ್ಪು ದೊಡ್ಡದು’ ಅಂದ್ಲು. ಅಷ್ಟೇ ಅಂದ್ಲು.’’

ಖದೂಜಾ ಹೇಳುತ್ತ ವಸೀಲಾಳ ಮುಖವನ್ನೇ ನೋಡುತ್ತಿದ್ದಳು. ಮುದುಕಿಗೆ ಎಲ್ಲ ಗೊತ್ತಿತ್ತು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಷ್ಟೋ ವರ್ಷ ತಮ್ಮ ಮೆಣಸಿನಕಾಯಿಯನ್ನೂ ಆ ಕಲ್ಲಿಗೆ ಕಳಿಸಿಕೊಟ್ಟವರೇ ಅವರು.

‘‘ತಪ್ಪು ಅವಳದಲ್ಲ,’’ ಎಂದಳು ವಸೀಲಾ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು.

‘‘ನಮಗ್ಯಾಕೆ ಹೇಳ್ತೀಯೇ ಹುಡುಗಿ?’’ ಎಂದಳು ಖದೂಜಾ. ‘‘ಯಾರ ಮುಂದೆ ಸುಳ್ಳು ಹೇಳಿದ್ಯೋ ಅವನ ಮುಂದೆ ಹೇಳು. ಕೈ ನಿಲ್ಲಿಸ್ಬೇಡ, ರವೆ ಆರುತ್ತೆ.’’

ಸತ್ತ ಸೈನಿಕರ ನೆನಪಿಗೆ ಚಳಿಗಾಲದಲ್ಲಿ ನಡೆಯುವ ಸಮಾರಂಭಕ್ಕೆ ಮುಂಚೆ ಸೀ ಮುಖ್ತಾರ್ ತೋಟ ನೋಡಲು ಬಂದ. ವಸೀಲಾ ಕಾಫಿ ತಟ್ಟೆ ಅವನ ಮುಂದಿಟ್ಟಳು. ಹಿಂದಕ್ಕೆ ಹೋಗಲಿಲ್ಲ.

‘‘ಸೀದಿ, ಒಂದು ಮಾತು. ಅವತ್ತು ಕಲ್ಲಿನ ಮೇಲಿದ್ದ ಬಟ್ಟೆ ನಂದು. ಕಾಳು ನಂದು. ನನ್ನ ನಾದಿನಿ ಬೇಡ ಬೇಡ ಅಂತಾನೇ ಇದ್ಲು. ನಾನು ಸುಳ್ಳು ಹೇಳ್ದೆ.’’

ಸಾದೊಕ್‌ನ ಕಾಫಿಬಟ್ಟಲು ತಟ್ಟೆಗೆ ಬಡಿಯಿತು. ಸೀ ಮುಖ್ತಾರ್ ಹುಬ್ಬು ಗಂಟಿಕ್ಕಿ ಯೋಚಿಸಿದ.

‘‘ಯಾವ ಬಟ್ಟೆ?... ಓ, ಅದಾ. ಆ ಅಜ್ಜಿ ಬಂದಾಗ. ಹೋಗ್ಲಿ ಬಿಡಮ್ಮ, ನೀನೋ ಅವಳೋ, ಯಾರಾದ್ರೇನು? ಮತ್ತೆ ಹಾಕ್ಬೇಡಿ, ಅಷ್ಟೆ.’’

‘‘ಅವಳು ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂದ್ರಲ್ಲ. ಇವರು ಅವಳನ್ನ ಕಳಿಸ್ಬಿಟ್ರು.’’

‘‘ನಾನಾ? ಸಿಟ್ಟಲ್ಲಿ ಏನೋ ಅಂದಿರ್ಬೇಕು.’’ ಅವನು ನಕ್ಕ. ‘‘ನಿಜ ಹೇಳ್ಬೇಕಂದ್ರೆ ನೀವಿಬ್ರೂ ಎದುರಿಗೆ ನಿಂತ್ರೆ ಯಾರು ಯಾರು ಅಂತಾನೂ ನಂಗೆ ತಿಳಿಯಲ್ಲ. ಕಾಫಿ ಚೆನ್ನಾಗಿದೆ, ಸೀ ಸಾದೊಕ್.’’

ಅವನು ತನ್ನನ್ನು ಬೈದಿದ್ದರೆ ವಸೀಲಾಗೆ ಸ್ವಲ್ಪ ಹಗುರವಾಗುತ್ತಿತ್ತು. ಯಾವ ದೊಡ್ಡ ಕೋಪಕ್ಕೆ ಹೆದರಿ ಅವಳು ನಾದಿನಿಯನ್ನು ಮುಂದಕ್ಕೆ ತಳ್ಳಿದ್ದಳೋ ಆ ಕೋಪ ಕಾರು ತೂನಿಸ್ ಮುಟ್ಟುವ ಮೊದಲೇ ಆರಿಹೋಗಿತ್ತು. ಆರದೆ ಉಳಿದದ್ದು ತುರ್ಕಿಯಾಳ ಕೈಯ ಬಿರುಕು ಮಾತ್ರ.

ಮಾರನೆಯ ಬೆಳಿಗ್ಗೆ ಅವಳು ಬಿಳಿ ಸಫ್ಸಾರಿಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಬಾಗಿಲು ದಾಟುವಾಗ ಸಾದೊಕ್ ಕೇಳಿದ, ‘‘ಎಲ್ಲಿಗೆ?’’

‘‘ಬಿಝೆರ್ತ್‌ಗೆ.’’

‘‘ಊಟ?’’

‘‘ಒಲೆ ಇದ್ದಲ್ಲೇ ಇದೆ, ಸೀ ಸಾದೊಕ್. ನಾನ್ಯಾವತ್ತೂ ಅದನ್ನ ಹೊತ್ಕೊಂಡು ಹೋಗಿಲ್ಲ.’’

ದೊಡ್ಡಣ್ಣನ ಮನೆಯ ಹಿತ್ತಿಲಲ್ಲಿ ತುರ್ಕಿಯಾ ಎರಡಾಳುದ್ದದ ಒದ್ದೆ ಕಂಬಳಿಯನ್ನು ಒಬ್ಬಳೇ ಹಿಂಡಲು ಹೆಣಗುತ್ತಿದ್ದಳು. ತಲೆಯೆತ್ತಿ ನೋಡಿದಳು.

‘‘ಯಾರು ಸತ್ರು?’’

‘‘ಯಾರೂ ಇಲ್ಲ.’’

‘‘ಸುಳ್ಳು. ಸಾವಿಲ್ದೆ ನೀನು ಬಸ್ ಹತ್ತೋಳಲ್ಲ.’’

‘‘ಸೀ ಮುಖ್ತಾರ್‌ಗೆ ಹೇಳ್ದೆ ತುರ್ಕಿಯಾ. ಬಟ್ಟೆ ನಂದು ಅಂತ.’’

ತುರ್ಕಿಯಾಳ ಕೈ ನಿಂತಿತು. ‘‘ಏನಂದ?’’

ಒಂದು ಚೆಂದದ ಸುಳ್ಳು ವಸೀಲಾಳ ನಾಲಿಗೆಯ ತುದಿಗೆ ಬಂತು. ತುಂಬ ಕೋಪ ಮಾಡಿದ, ನಾನು ಕಾಲು ಹಿಡಿದೆ, ಆಮೇಲೆ ಕ್ಷಮಿಸಿದ ಎನ್ನಬಹುದಿತ್ತು. ಅದನ್ನು ನುಂಗಿಕೊಂಡಳು.

‘‘ನೆನಪೇ ಇಲ್ಲ ಅಂದ. ನಾವಿಬ್ರಲ್ಲಿ ಯಾರು ಯಾರು ಅಂತಾನೂ ಗೊತ್ತಾಗಲ್ವಂತೆ.’’

ತುರ್ಕಿಯಾ ನಗತೊಡಗಿದಳು. ತೊಟ್ಟಿಯ ಕಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನಗುವಿನಲ್ಲಿ ವಸೀಲಾಗೆ ಪಾಲಿರಲಿಲ್ಲ.

‘‘ಅವನ ನೆನಪಿಗೆ ಹೆದರ್ಕೊಂಡು ನಾನಿಲ್ಲಿ ಊರವರ ಕಂಬಳಿ ಒಗೀತಿದೀನಿ! ಅಯ್ಯೋ ನನ್ನವ್ವಾ!’’ ನಗು ನಿಂತಮೇಲೆ ಕೈ ಒರೆಸಿಕೊಂಡಳು. ‘‘ಅವನು ಬೈದಿದ್ದು ನಂಗೇನೂ ಅನ್ನಿಸಲಿಲ್ಲ. ಹೊರಗಿನೋನು. ‘ತಿಳಿಯಲ್ಲ ಅವಳಿಗೆ’ ಅಂದ್ಯಲ್ಲ ನೀನು, ಅದು ಚುಚ್ತು.’’

ವಸೀಲಾ ಸಫ್ಸಾರಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

‘‘ಬಾ, ಮನೆಗೆ ಹೋಗೋಣ,’’ ಎಂದಳು.

‘‘ಈ ತುದಿ ಹಿಡಿ,’’ ಎಂದಳು ತುರ್ಕಿಯಾ. ‘‘ಹಿಂಡು. ಗಟ್ಟಿಯಾಗಿ. ರವೆ ಸುತ್ತಿ ಸುತ್ತಿ ಕೈ ಮೆತ್ತಗಾಗಿದೆ ನಿಂದು.’’

ಸಂಜೆಯ ಬಸ್ಸಿಗೆ ಇಬ್ಬರೂ ಹೊರಟರು. ತಂಗಿಯನ್ನು ಕಂಡ ಸಾದೊಕ್ ‘‘ಬಂದ್ಯಾ’’ ಎಂದು, ಒಳಗೆ ಹೋಗಿ ನೀಲಿ ಅಂಗಿ ತಂದು ಅವಳ ಮಡಿಲಿಗೆ ಹಾಕಿದ. ‘‘ಗುಂಡಿ ಬಿದ್ದು ಎಷ್ಟು ದಿನ ಆಯ್ತೋ.’’ ವಸೀಲಾ ಅಂಗಿ ಎತ್ತಿ, ಸೂಜಿದಾರದ ಡಬ್ಬಿ ಜೊತೆಗಿಟ್ಟು, ಅವನ ಕೈಗೇ ವಾಪಸು ಕೊಟ್ಟಳು.

ಅಲ್ಲಿಂದ ಮುಂದೆ ಆ ಮನೆಯ ಕುಸ್ಕುಸ್ ಖದೂಜಾಳ ಮಾಳಿಗೆಯ ಮೇಲೆ ಒಣಗಿತು. ಏಣಿ ಹತ್ತಿ ಹೊರುವವಳೂ ವಸೀಲಾ, ಬೀಸಣಿಗೆ ಹಿಡಿದು ಗುಬ್ಬಿ ಓಡಿಸುವವಳೂ ವಸೀಲಾ. ಮಾಳಿಗೆಯಿಂದ ನೋಡಿದರೆ ತೋಟದ ತುದಿಯ ದೊಡ್ಡ ಕಲ್ಲು ಕಣ್ಣು ಕುಕ್ಕುವಂತೆ ಬೆಳ್ಳಗೆ ಕಾಣುತ್ತಿತ್ತು. ಅವಳು ಅತ್ತ ಬೆನ್ನು ಮಾಡಿ ಕೂರುತ್ತಿದ್ದಳು.

ತುರ್ಕಿಯಾಳ ನಾಲಿಗೆ ಮರಳಿ ಬಂತು, ಅತ್ತಿಗೆ ಎನ್ನುವುದೂ ಮರಳಿತು. ಒಂದು ಮಾತ್ರ ಹೋಗಲಿಲ್ಲ. ಗೇಟಿನ ಮುಂದೆ ಕಾರು ನಿಂತ ಸದ್ದಾದರೆ ಸಾಕು, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಉಡುಪಿನ ಅಂಚಿಗೆ ಕೈ ಒರೆಸಿ, ಅವಳು ಮನೆಯ ಹಿಂದಕ್ಕೆ ಹೋಗಿಬಿಡುತ್ತಿದ್ದಳು. ಸೀ ಮುಖ್ತಾರ್ ನಿವೃತ್ತನಾಗಿ ಬೇರೆಯವರು ಬಂದ ಮೇಲೂ ಅಷ್ಟೆ.

‘‘ಯಾರೂ ಏನೂ ಅನ್ನಲ್ಲ, ಕೂರೇ,’’ ಎಂದು ವಸೀಲಾ ಎಷ್ಟು ಸಲ ಹೇಳಿದಳೋ.

‘‘ಅಭ್ಯಾಸ ಆಗಿದೆ, ಬಿಡು. ಕಣ್ಣಿಗೆ ಬೀಳಬಾರದೋಳು ತಾನೆ.’’ ಹೇಳುವಾಗ ಅವಳ ಮುಖದಲ್ಲಿ ಕೊಂಕು ಇರುತ್ತಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಒಂದು ವಸಂತದಲ್ಲಿ ದೊಡ್ಡ ಬಸ್ಸೇ ಬಂದು ನಿಂತಿತು. ಮುದುಕರು, ಪದಕ ಹಾಕಿಕೊಂಡವರು, ಹೂವು ಹಿಡಿದವರು ಇಳಿದರು. ಸಾದೊಕ್ ತನ್ನ ಕೈಯಾರೆ ಗುಂಡಿ ಹೊಲಿದುಕೊಂಡ ಅಂಗಿ ತೊಟ್ಟು ಗೇಟಿಗೆ ನಡೆದ. ತುರ್ಕಿಯಾ ಎದ್ದಳು, ಕೈ ಒರೆಸಿದಳು, ಹಿಂದಕ್ಕೆ ಹೋದಳು. ವಸೀಲಾ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು. ನೀರು ಕುದಿಯಿತು. ಅವಳು ಅದನ್ನು ಇಳಿಸಿ ಪಕ್ಕಕ್ಕಿಟ್ಟು, ಒಲೆ ಆರಿಸಿ, ತಾನೂ ಹಿಂಬಾಗಿಲು ದಾಟಿದಳು.

ಸೈಪ್ರೆಸ್ ನೆರಳಿನಲ್ಲಿ, ಒಗೆಯುವ ತೊಟ್ಟಿಯ ಕಟ್ಟೆಯ ಮೇಲೆ ತುರ್ಕಿಯಾ ಕೂತಿದ್ದಳು. ಅತ್ತಿಗೆ ಬಂದುದನ್ನು ನೋಡಿ ಸರಿದು ಜಾಗ ಮಾಡಲಿಲ್ಲ, ಹೋಗೆಂದೂ ಅನ್ನಲಿಲ್ಲ. ವಸೀಲಾ ನೆಲದ ಮೇಲೆ ಕೂತಳು.

‘‘ವಸೀಲಾ! ಕಾಫಿ!’’ ಮುಂದಿನಿಂದ ಸಾದೊಕ್‌ನ ಕೂಗು ಬಂತು. ಸ್ವಲ್ಪ ಹೊತ್ತಿಗೆ, ‘‘ತುರ್ಕಿಯಾ! ಯಾರಾದ್ರೂ ಇದೀರೇನ್ರೇ?’’

ಇಬ್ಬರೂ ಅಲ್ಲಾಡಲಿಲ್ಲ.